ಪುರಸಭೆಯ ವೆಬ್‌ಸೈಟ್ ಮತ್ತು ನನ್ನ ಖಾಯಂ ವಿಳಾಸ

ಒಂದು ಪುರಸಭೆಯ ವೆಬ್‌ಸೈಟನ್ನು ನಾನು ದಿನಕ್ಕೊಮ್ಮೆಯಾದರೂ ತೆರೆದು ನೋಡುತ್ತೇನೆ. ಆ ಊರಿನಲ್ಲಿ ನನಗೆ ಮನೆಯಿಲ್ಲ, ಸೈಟಿಲ್ಲ, ನೆಂಟರಿಷ್ಟರೂ ಇಲ್ಲ. ತಪ್ಪು ಹುಡುಕುವುದಕ್ಕೆಂದೇ ತೆರೆಯುತ್ತೇನೆ. ಒಂದು ಚಿತ್ರ ತಡವಾಗಿ ಬಂದರೆ, ಎಲ್ಲೋ ಒತ್ತಿದಾಗ ಖಾಲಿ ಪುಟ ಕಂಡರೆ, ಆವತ್ತಿನ ಕಾಫಿ ಸ್ವಲ್ಪ ಹೆಚ್ಚು ರುಚಿಸುತ್ತದೆ. ಇದು ಹೊಟ್ಟೆಕಿಚ್ಚು ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ಬೇರೆ ಹೆಸರಿಟ್ಟು ಕರೆಯುವ ವಯಸ್ಸು ನನಗೆ ದಾಟಿದೆ.

ನಮ್ಮೂರು ದಾವಣಗೆರೆ. ನನ್ನ ಗಂಡ ಬ್ಯಾಂಕ್ ಅಧಿಕಾರಿ, ಹಾಗಾಗಿ ಮೂರು ವರ್ಷಕ್ಕೊಂದು ವರ್ಗ. ವೆಬ್‌ಸೈಟ್ ಮಾಡುವ ಕೆಲಸವನ್ನು ನಾನು ಮದುವೆಗೆ ಮೊದಲೇ ಕಲಿತಿದ್ದೆ. ಹೋದ ಊರಲ್ಲೆಲ್ಲ ಒಂದು ಶಾಲೆ, ಒಬ್ಬ ಹಲ್ಲಿನ ಡಾಕ್ಟರು, ಒಂದು ಸೀರೆ ಅಂಗಡಿ ಅಂತ ಗಿರಾಕಿಗಳನ್ನು ಕೂಡಿಹಾಕುತ್ತಿದ್ದೆ. ಅವರು ಇನ್ನೊಬ್ಬರಿಗೆ ನನ್ನ ಹೆಸರು ಹೇಳುವ ಹೊತ್ತಿಗೆ ವರ್ಗದ ಆದೇಶ ಬರುತ್ತಿತ್ತು. ನಾಲ್ಕು ಊರುಗಳಲ್ಲಿ ನಾಲ್ಕು ಸಲ ಸೊನ್ನೆಯಿಂದ ಶುರು ಮಾಡಿದ್ದೇನೆ. ಐದನೆಯದು ವಿಶಾಖಪಟ್ಟಣ. ಅದರ ಹೊರವಲಯದ ಪೆಂಡುರ್ತಿಯಲ್ಲಿ ಬ್ಯಾಂಕಿನವರೇ ಲೀಸಿಗೆ ಹಿಡಿದುಕೊಟ್ಟ ಫ್ಲಾಟು, ಊಟದ ಮೇಜೇ ನನ್ನ ಕಚೇರಿ.

ಕೆಲಸ ಕಲಿಯಲು ಆ ಮೇಜಿಗೆ ಒಬ್ಬ ಹುಡುಗಿ ಬಂದು ಕೂತಳು. ಅವಳ ತಂದೆ ಕೊಪ್ಪಳದ ಕಡೆಯವರು, ನೌಕಾಪಡೆಯಲ್ಲಿದ್ದು ನಿವೃತ್ತರಾಗಿ ಅಲ್ಲೇ ಮನೆ ಕಟ್ಟಿಕೊಂಡವರು. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ವಿಶಾಖಪಟ್ಟಣದಲ್ಲೇ. ಕನ್ನಡ ಓದಲು ಬರುವುದಿಲ್ಲ. ಮಾತಾಡುವಾಗ ಪ್ರತಿ ವಾಕ್ಯದ ಬಾಲಕ್ಕೆ ತೆಲುಗಿನವರ ಮರ್ಯಾದೆಯ ‘ಅಂಡಿ’ ಅಂಟಿಕೊಂಡಿರುತ್ತದೆ. ನಮ್ಮ ಕನ್ನಡದವರ ಕೂಟದಲ್ಲಿ ಎಲ್ಲರಿಗೂ ಅದು ಮುದ್ದೋ ಮುದ್ದು. ನಾನು ತೆಲುಗು ಮಾತಾಡಿದರೆ ತರಕಾರಿಯವಳೂ ನಗುತ್ತಾಳೆ, ಇವಳು ಕನ್ನಡ ಕೆಡಿಸಿದರೆ ಜನ ಕೆನ್ನೆ ಚಿವುಟುತ್ತಾರೆ. ಇದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

“ಅಕ್ಕಾ, ನಂಗೂ ನೇರ್ಪಿಸ್ತೀರಾ ಅಂಡಿ?” ಅಂತ ಕೇಳಿದಳು. ಕಲಿಸ್ತೀರಾ ಅನ್ನುವುದು ಅವಳ ಬಾಯಲ್ಲಿ ಹಾಗೆ ಬಂತು. ಆರು ತಿಂಗಳು ಕಲಿಸಿದೆ. ಊರಿಂದ ಬಂದ ಮಂಡಕ್ಕಿಯನ್ನು ಒಗ್ಗರಣೆ ಹಾಕಿ ಬಡಿಸಿದೆ, ನನ್ನ ಗಿರಾಕಿಗಳ ಕೆಲಸವನ್ನೇ ಅವಳ ಕೈಗೆ ಕೊಟ್ಟೆ. ಬಂದರಿನ ಕೆಲಸಗಾರರ ಸಹಕಾರ ಸಂಘವೊಂದಕ್ಕೆ ವೆಬ್‌ಸೈಟ್ ಮಾಡಿದಾಗ ಅವಳು ಪಕ್ಕದಲ್ಲೇ ಕೂತು ಫೋಟೋಗಳ ಪುಟ ಮಾಡಿದಳು. ಆಮೇಲೆ ಆ ಸಂಘದ ಸಣ್ಣಪುಟ್ಟ ರಿಪೇರಿಯನ್ನೆಲ್ಲ ನೀನೇ ನೋಡಿಕೋ ಅಂತ ಬಿಟ್ಟುಕೊಟ್ಟವಳು ನಾನೇ. ಸಂಘದವರ ಫೋನ್ ಬಂದರೆ ನನಗೆ ತಲೆನೋವು ಬರುತ್ತಿತ್ತು.

ಒಂದು ದಿನ ಅವಳಿಗೆ ಅರ್ಜಿ ನಮೂನೆ ಮಾಡುವುದನ್ನು ಹೇಳಿಕೊಡುತ್ತಾ ನಾನು ರೇಗಿದ್ದು ನೆನಪಿದೆ. ನಮ್ಮಂಥ ವರ್ಗವಾಗಿ ಊರೂರು ಅಲೆಯುವ ಜನ ಜೀವನಪೂರ್ತಿ ಅರ್ಜಿ ತುಂಬುತ್ತಾರೆ. ಗ್ಯಾಸಿಗೆ, ಶಾಲೆಗೆ, ಫೋನಿಗೆ, ಎಲ್ಲದರಲ್ಲೂ ಎರಡು ಡಬ್ಬಿ: ಈಗಿನ ವಿಳಾಸ, ಖಾಯಂ ವಿಳಾಸ. “ನಲ್ಲೀಲಿ ನೀರು ಬರ್ತಿಲ್ಲ ಅನ್ನೋನಿಗೆ ನಿನ್ನ ಖಾಯಂ ವಿಳಾಸ ಯಾವುದು ಅಂತ ಕೇಳ್ತಾರೆ ನೋಡು. ಅವನು ಇರೋದು ಇಲ್ಲಿ, ನೀರು ಬೇಕಾಗಿರೋದು ಇಲ್ಲಿ. ನೀನು ಮಾಡೋವಾಗ ಆ ಡಬ್ಬಿ ಇಡಬ್ಯಾಡ” ಅಂದಿದ್ದೆ. ಅವಳು ನಕ್ಕು ನೋಟ್‌ಬುಕ್ಕಿನಲ್ಲಿ ಏನೋ ತೆಲುಗಿನಲ್ಲಿ ಬರೆದುಕೊಂಡಳು.

ಆರು ತಿಂಗಳು ಮುಗಿದದ್ದೇ ಪೆಂಡುರ್ತಿ ಜಂಕ್ಷನ್ನಿನಲ್ಲಿ ಮಹಡಿ ಮೇಲೊಂದು ಕೋಣೆ ಹಿಡಿದು ಬೋರ್ಡು ಹಾಕಿಸಿದಳು. ಪೂಜೆಗೆ ಕರೆದಳು, ಮಗಳನ್ನು ಕರೆದುಕೊಂಡು ಹೋದೆ. ಕುಂಕುಮ ಇಟ್ಟುಕೊಂಡು, ಬೋರ್ಡಿನ ಕೆಳಗೆ ನಿಂತು, ನನ್ನ ಹೆಸರಿನ ಬೋರ್ಡು ಯಾವ ಊರಿನ ಯಾವ ಗೋಡೆಯ ಮೇಲೂ ಇಲ್ಲವಲ್ಲ ಅಂತ ಲೆಕ್ಕ ಹಾಕಿದೆ. ಪ್ರಸಾದವನ್ನು ತಿನ್ನದೆ ಚೀಲಕ್ಕೆ ಹಾಕಿಕೊಂಡೆ. ಮನೆಗೆ ಬಂದರೆ ನನ್ನ ಮಗಳು, “ಆಂಟಿ ಆಫೀಸ್ ಭಲೇ ಉಂದಿ ಕದಾ ಅಮ್ಮ” ಅಂದಳು. ಮಗಳಿಗೆ ಆಗ ಹನ್ನೆರಡು, ಚೆನ್ನಾಗಿದೆ ಅನ್ನುವುದಕ್ಕೂ ತೆಲುಗೇ ಮೊದಲು ಬರುತ್ತಿತ್ತು. ನಾನು ಸುಮ್ಮನೆ ಅವಳ ಹೋಮ್‌ವರ್ಕ್ ಸರಿಯಿಲ್ಲ ಅಂತ ಬೈದೆ.

ಟೆಂಡರ್ ಪ್ರಕಟಣೆ ಬಂದಾಗ ನಾವು ಬಂದು ಮೂರು ವರ್ಷ ತುಂಬಲು ನಾಲ್ಕೈದು ತಿಂಗಳಿತ್ತು. ಪೆಂಡುರ್ತಿಯಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಪುರಸಭೆ. ಮನೆ ಕಂದಾಯ, ಜನನ ಮರಣ ಪತ್ರ, ವಾರ್ಡುವಾರು ದೂರುಗಳು, ಎಲ್ಲವೂ ಇರುವ ವೆಬ್‌ಸೈಟ್ ಬೇಕು, ಮಾಡಿಕೊಟ್ಟವರೇ ಮೂರು ವರ್ಷ ನೋಡಿಕೊಳ್ಳಬೇಕು. ಮೂರು ವರ್ಷ ಅನ್ನುವ ಮಾತು ಓದಿದ್ದೇ ಗಂಡನ ಮುಂದೆ ಮೊಬೈಲ್ ಹಿಡಿದೆ. ಅವರು ಎರಡು ಸಲ ಓದಿ, “ಇದು ನಿನಗೆ ಸಿಕ್ಕರೆ ನೀನೂ ಮಗಳೂ ಇಲ್ಲೇ ಇರ್ರಿ. ವರ್ಗ ಆದರೆ ಈ ಸಲ ನಾನೊಬ್ಬನೇ ಹೋಗ್ತೀನಿ” ಅಂದರು. ಮದುವೆಯಾಗಿ ಹದಿನೈದು ವರ್ಷದಲ್ಲಿ ನನ್ನ ಕೆಲಸಕ್ಕಾಗಿ ಒಂದು ಊರಲ್ಲಿ ನಿಲ್ಲುವ ಮಾತು ಬಂದದ್ದು ಅದೇ ಮೊದಲು.

ಟೆಂಡರ್ ಹಾಕುವವರ ಅನುಮಾನ ಪರಿಹರಿಸಲು ಪುರಸಭೆಯಲ್ಲಿ ಒಂದು ಸಭೆ ಕರೆದಿದ್ದರು. ಹೋದರೆ ಮೊದಲ ಸಾಲಿನಲ್ಲಿ ಅವಳು. ಕಣ್ಣು ಕಾಣದವರು ಈ ವೆಬ್‌ಸೈಟ್ ಬಳಸುವುದು ಹೇಗೆ ಅಂತ ನಾನು ಕೇಳಿದೆ. ಮುರುಕು ತೆಲುಗಿನ ಪ್ರಶ್ನೆಗೆ ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು. ಅವಳು ಕಸದ ಗಾಡಿ ಬರುವ ಹೊತ್ತನ್ನೂ ಹಾಕಬಹುದಾ ಅಂತ ಕೇಳಿದಳು, ಅಧಿಕಾರಿ ನಕ್ಕು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು ಹತ್ತು ನಿಮಿಷ ಮಾತಾಡಿದರು. ನನಗೆ ಮೈಯೆಲ್ಲ ಉರಿ.

ಹೊರಗೆ ಬಂದು ಅವಳು ನನ್ನ ತೋಳು ಹಿಡಿದಳು. “ಅಕ್ಕಾ, ಇಬ್ಬರೂ ಸೇರಿ ಹಾಕೋಣಂಡಿ. ಕೆಲಸ ನಿಮಗೆ ನನಗಿಂತ ಚೆನ್ನಾಗಿ ಬರುತ್ತೆ. ನನ್ನ ಹತ್ರ ಆಫೀಸಿದೆ.”

ನಿನ್ನ ಆಫೀಸು ನನಗ್ಯಾಕೆ ಬೇಕು ಅಂತ ಬಾಯಿಗೆ ಬಂದಿತ್ತು. “ನೋಡೋಣ” ಅಂದೆ. ಆಮೇಲೆ ಅವಳು ಎರಡು ಸಲ ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಕಲಿಸಿದವಳು ನಾನು, ಕಲಿತವಳ ಬೋರ್ಡಿನ ಕೆಳಗೆ ಹೋಗಿ ಕೂರಬೇಕೇ?

ಅರ್ಜಿ ತುಂಬಿದ್ದನ್ನು ಈಗ ನೆನೆದರೆ ಅಯ್ಯೋ ಅನ್ನಿಸುತ್ತದೆ. ಇದೇ ರಾಜ್ಯದಲ್ಲಿ ಕಚೇರಿ ಇರಬೇಕು ಅನ್ನುವ ಷರತ್ತನ್ನು ಓದಿದ್ದೆ. ಇದೆಯಲ್ಲ, ಮೂರು ವರ್ಷದಿಂದ ಊಟದ ಮೇಜಿನ ಮೇಲೆ ನಡೆಯುತ್ತಿದೆಯಲ್ಲ ಅಂದುಕೊಂಡೆ. ಆದರೆ ನಮ್ಮ ಮನೆಯಲ್ಲಿ ಒಂದು ರೂಢಿಯಿದೆ. ದಿನದ ಕಾಗದಗಳಿಗೆ ಈಗಿನ ಮನೆ, ಎಂದೂ ಕಳೆದುಹೋಗಬಾರದ ಕಾಗದಕ್ಕೆ ಊರಿನ ವಿಳಾಸ. ಬಿಟ್ಟುಬಂದ ಬಾಡಿಗೆ ಮನೆಗಳಿಗೆ ಹೋಗಿ ಮಾಯವಾದ ಕಾಗದಗಳನ್ನು ಕಂಡು ಕಲಿತ ಬುದ್ಧಿ ಅದು. ನನ್ನ ಸಂಸ್ಥೆಯನ್ನು ನೋಂದಾಯಿಸಿದ್ದೂ ದಾವಣಗೆರೆಯ ಅತ್ತೆಮನೆಯ ವಿಳಾಸದಲ್ಲೇ. ಈ ಟೆಂಡರಿಗಿಂತ ದೊಡ್ಡ ಕಾಗದ ನನ್ನ ಜೀವನದಲ್ಲಿ ಯಾವುದಿತ್ತು? ಕಚೇರಿಯ ವಿಳಾಸ ಅನ್ನುವಲ್ಲಿ ದಾವಣಗೆರೆಯನ್ನೇ ಬರೆದು, ನೋಂದಣಿ ಪತ್ರ ಸೇರಿಸಿ, ದೇವರಿಗೆ ದೀಪ ಹಚ್ಚಿ ಕಳಿಸಿದೆ.

ಅರ್ಜಿಗಳನ್ನು ತೆರೆದ ದಿನ ಆರು ಜನರ ಹೆಸರು ಬಂತು. ಒಬ್ಬರ ಕಾಗದಪತ್ರ ಇನ್ನೊಬ್ಬರು ಆನ್‌ಲೈನಿನಲ್ಲಿ ನೋಡಬಹುದು, ತಪ್ಪಿದ್ದರೆ ಎರಡು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ನಾನು ಉಳಿದ ನಾಲ್ವರ ಕಡೆ ಕಣ್ಣೂ ಹಾಯಿಸಲಿಲ್ಲ. ಕುಕ್ಕರ್ ಆರು ಸಲ ಕೂಗಿದರೂ ಏಳದೆ ಅವಳ ಒಂದೊಂದು ಹಾಳೆಯನ್ನೂ ಓದಿದೆ. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಹಲ್ಲು ಕಡಿದೆ, ಯಾಕೆಂದರೆ ಹಾಗೆ ಜೋಡಿಸುವುದನ್ನು ಹೇಳಿಕೊಟ್ಟವಳು ನಾನು. ಮಾಡಿದ ಕೆಲಸಗಳ ಪಟ್ಟಿಯಲ್ಲಿ ಕೊನೆಗೂ ಸಿಕ್ಕಿತು: ಬಂದರಿನ ಸಹಕಾರ ಸಂಘದ ವೆಬ್‌ಸೈಟ್. ಅದು ನನ್ನದು. ಎರಡು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿರುವವಳು ಅವಳೇ ಅನ್ನುವುದೂ ನನಗೆ ಗೊತ್ತಿತ್ತು. ಆಕ್ಷೇಪಣೆ ಬರೆದೆ, ಅದರಲ್ಲಿ ಆ ಮಾತನ್ನು ಮಾತ್ರ ಬಿಟ್ಟೆ.

“ಕಳಿಸಬ್ಯಾಡ ಬಿಡು. ಆ ಹುಡುಗಿ ನಿನ್ನ ಕೈಯಿಂದ ಉಂಡಿದಾಳೆ” ಅಂದರು ನನ್ನ ಗಂಡ.

“ಅದಕ್ಕೇ ಕಳಿಸ್ತೀನಿ” ಅಂದೆ.

ವಿಚಾರಣೆಗೆ ಅವಳನ್ನೂ ನನ್ನನ್ನೂ ವಿಜಯವಾಡಕ್ಕೆ ಕರೆದರು, ಪರಿಶೀಲನಾ ಸಮಿತಿ ಕೂರುತ್ತಿದ್ದದ್ದು ಅಲ್ಲಿ. ಬೆಳಗಿನ ರೈಲಿನಲ್ಲಿ ನನ್ನ ಎದುರು ಸೀಟಿಗೇ ಅವಳು ಬಂದು ಕೂತಳು. ಯಾರು ಆಕ್ಷೇಪಣೆ ಕಳಿಸಿದ್ದೆಂದು ಅವಳಿಗೆ ತಿಳಿದಿರಲಿಲ್ಲ. ಡಬ್ಬಿ ಬಿಚ್ಚಿ ಪುಳಿಹೋರ, ಅಂದರೆ ನಮ್ಮ ಪುಳಿಯೋಗರೆ, ಕೊಟ್ಟಳು, ತಿಂದೆ. ಗೋದಾವರಿ ದಾಟಿದ ಮೇಲೆ ಮೆಲ್ಲಗೆ ಕೇಳಿದಳು. “ಅಕ್ಕಾ, ಇಲ್ಲಿನ ಅಡ್ರೆಸ್ಸಿಗೆ ಪ್ರೂಫ್ ಏನಾದ್ರೂ ತಂದಿದೀರಾ ಅಂಡಿ? ಕರೆಂಟ್ ಬಿಲ್ಲೋ, ಏನೋ ಒಂದು?”

ನನ್ನ ಕಾಗದಗಳಲ್ಲಿ ಇವಳೂ ಮೂಗು ತೂರಿಸಿದ್ದಾಳೆ ಅಂತ ಸಿಟ್ಟು ನೆತ್ತಿಗೇರಿತು. “ಎಲ್ಲಾ ಇದೆ. ನಿನ್ನದು ನೀನು ನೋಡಿಕೋ” ಅಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಸ್ಟೇಷನ್ನಿನಿಂದ ಒಂದೇ ಆಟೋದಲ್ಲಿ ಹೋದೆವು. ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಕಂಡಾಗ ಇಬ್ಬರೂ ಕೈ ಮುಗಿದೆವು. ಅವಳು ಏನು ಬೇಡಿದಳೋ ಗೊತ್ತಿಲ್ಲ. ನಾನು ನನಗೆ ಸಿಗಲಿ ಅಂತ ಬೇಡಲಿಲ್ಲ, ಅವಳಿಗೆ ಸಿಗದಿರಲಿ ಅಂತ ಬೇಡಿದೆ.

ಸಮಿತಿಯಲ್ಲಿ ಮೂವರಿದ್ದರು. ನಡುವಿನವರು ಆಕ್ಷೇಪಣೆಯನ್ನು ಓದಿ, ಕಳಿಸಿದವರು ಇವರೇ ಅಂತ ನನ್ನ ಕಡೆ ಕೈ ತೋರಿಸಿದರು. ಅವಳು ತಿರುಗಿ ನನ್ನನ್ನು ನೋಡಿದಳು. ಆಮೇಲೆ ಅವರಿಗೆ ತೆಲುಗಿನಲ್ಲಿ, ಅದು ಇವರು ಮಾಡಿದ್ದು ನಿಜ, ನಾನು ಕೆಲಸ ಕಲಿತದ್ದೇ ಇವರ ಹತ್ತಿರ, ಅದನ್ನು ಪಟ್ಟಿಯಿಂದ ತೆಗೆದುಬಿಡಿ ಅಂದಳು. ಅದನ್ನು ತೆಗೆದರೂ ಬೇಕಾದಷ್ಟು ಕೆಲಸಗಳು ಅವಳ ಪಟ್ಟಿಯಲ್ಲಿದ್ದವು. ಅವರು ಟಿಕ್ ಹಾಕಿದರು.

ನಂತರ ನನ್ನ ಫೈಲು. “ಮೇಡಂ ಗಾರು, ಮೀ ಆಫೀಸ್ ಎಕ್ಕಡ?” ಕಚೇರಿ ಎಲ್ಲಿ ಅಂತ ಕೇಳಿದರು. ಪೆಂಡುರ್ತಿ ಅಂದೆ. ಇಲ್ಲಿ ಕರ್ನಾಟಕ ಅಂತಿದೆಯಲ್ಲ ಅಂದರು. ಅದು ಖಾಯಂ ವಿಳಾಸ ಅಂದೆ. ಹಾಗಾದರೆ ಪೆಂಡುರ್ತಿಯದಕ್ಕೆ ಒಂದು ಕಾಗದ ತೋರಿಸಿ ಅಂದರು. ಚೀಲದಲ್ಲಿ ಕೈಯಾಡಿಸುತ್ತಾ ಇದ್ದಂತೆ ಹೊಳೆಯಿತು. ಮನೆಯ ಕರಾರು ಬ್ಯಾಂಕಿನ ಹೆಸರಲ್ಲಿ. ಕರೆಂಟ್ ಬಿಲ್ಲು ಮಾಲೀಕರ ಹೆಸರಲ್ಲಿ. ಗ್ಯಾಸು ಗಂಡನ ಹೆಸರಲ್ಲಿ. ಮೂರು ವರ್ಷ ದುಡಿದ ಈ ರಾಜ್ಯದಲ್ಲಿ ನಾನಿದ್ದೆ ಅನ್ನುವುದಕ್ಕೆ ಒಂದು ಚೀಟಿಯೂ ಇರಲಿಲ್ಲ. ಇದರ ಬಗ್ಗೆ ಯಾರೂ ಆಕ್ಷೇಪಣೆ ಕಳಿಸಿಲ್ಲ, ನಾವೇ ಗಮನಿಸಿದೆವು ಅಂತ ಅವರು ಮರ್ಯಾದೆಯಿಂದ ಹೇಳಿ ಫೈಲು ಮುಚ್ಚಿದರು.

ಆ ವಿಳಾಸವನ್ನು ಅವಳು ಮೊದಲೇ ನೋಡಿದ್ದಳು. ನೋಡಿಯೂ ಆಕ್ಷೇಪಣೆ ಕಳಿಸಲಿಲ್ಲ, ರೈಲಿನಲ್ಲಿ ಎಚ್ಚರಿಸಿದ್ದಳು. ಅದಕ್ಕೂ ಮೊದಲೇ ನನ್ನ ಹತ್ರ ಆಫೀಸಿದೆ ಅಂತ ಬಾಯಿಬಿಟ್ಟು ಕರೆದಿದ್ದಳು. ಸೇರಿ ಹಾಕಿದ್ದರೆ ನಾನು ಪೆಂಡುರ್ತಿಯಲ್ಲೇ ಉಳಿಯುತ್ತಿದ್ದೆ.

ವಾಪಸು ಬರುವಾಗ ಅವಳ ಸೀಟು ಬೇರೆ ಕಡೆ ಇತ್ತು. ವಿಜಯವಾಡದ ಪ್ಲಾಟ್‌ಫಾರಂ ಮೇಲೆ ಒಂದು ಮಾತು ಆಡಿದಳು. “ಅದು ನಂದು ಅಂತ ಒಂದು ಫೋನ್ ಮಾಡಿದ್ರೆ ನಾನೇ ತೆಗೀತಿದ್ದೆ.” ಆ ವಾಕ್ಯದ ಬಾಲಕ್ಕೆ ‘ಅಂಡಿ’ ಇರಲಿಲ್ಲ.

ಟೆಂಡರ್ ಅವಳಿಗೆ ಸಿಕ್ಕಿತು. ನಮಗೆ ವರ್ಗವಾಯಿತು, ಅದೂ ವಿಜಯವಾಡಕ್ಕೇ. ಡಬ್ಬಗಳನ್ನು ಕಟ್ಟುವಾಗ ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಈಗ ಅಡುಗೆಮನೆಯ ಕಿಟಕಿಯಿಂದ ಇಂದ್ರಕೀಲಾದ್ರಿಯ ಒಂದು ತುಂಡು ಕಾಣುತ್ತದೆ. ಆವತ್ತು ಬೇಡಿದ್ದು ನೆನಪಾಗಿ ನಾನು ಆ ಕಡೆ ಹೆಚ್ಚು ನೋಡುವುದಿಲ್ಲ. ಐದು ಸಲ ಆದ ಮೇಲೆ ಆರನೆಯ ಸಲ ಸೊನ್ನೆಯಿಂದ ಶುರು ಮಾಡಿದ್ದೇನೆ, ಸದ್ಯಕ್ಕೆ ಒಬ್ಬ ಹಲ್ಲಿನ ಡಾಕ್ಟರು ಸಿಕ್ಕಿದ್ದಾರೆ.

ಹೋದ ವಾರ ಪುರಸಭೆಯ ವೆಬ್‌ಸೈಟಿನಲ್ಲಿ ದೂರುಗಳ ಪುಟ ಶುರುವಾಯಿತು. ತಪ್ಪು ಹುಡುಕುವ ಹುಮ್ಮಸ್ಸಿನಲ್ಲಿ ತೆರೆದೆ. ಹೆಸರು, ಫೋನು, ಏನು ತೊಂದರೆ. ಅದರ ಕೆಳಗೆ ಒಂದೇ ಒಂದು ಡಬ್ಬಿ: ನೀವು ಈಗ ಎಲ್ಲಿದ್ದೀರಿ? ಖಾಯಂ ವಿಳಾಸ ಅನ್ನುವ ಡಬ್ಬಿಗಾಗಿ ಪುಟದ ತಳದವರೆಗೂ ಹುಡುಕಿದೆ. ಇರಲಿಲ್ಲ. ನಾನು ಮೇಜು ಕುಟ್ಟಿ ಹೇಳಿದ್ದನ್ನು ಅವಳು ಬರೆದುಕೊಂಡು ಹೋಗಿ ಹಾಗೇ ಮಾಡಿದ್ದಳು. ಹೇಳಿದ ನಾನು ಮಾಡಿರಲಿಲ್ಲ. ಆವತ್ತು ಬೋರ್ಡಿನ ಕೆಳಗೆ ಉರಿದದ್ದಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು.

ಒಂದು ಗಂಟೆ ಬಿಟ್ಟು ಅವಳಿಗೆ ಮೆಸೇಜು ಹಾಕಿದೆ: ದೂರಿನ ಪುಟ ಚೆನ್ನಾಗಿ ಬಂದಿದೆ.

ಕೂಡಲೇ ಉತ್ತರ ಬಂತು: ಥ್ಯಾಂಕ್ಸ್ ಮೇಡಂ.