ನಲ್ಲಿಗೆ ಕಟ್ಟಿದ ಬಾಳೆನಾರು

ತೊಂಬತ್ತರ ದಶಕದ ಕೊನೆಯ ಒಂದು ಮಾರ್ಚಿನ ಬೆಳಿಗ್ಗೆ, ಮೂಡಿಗೆರೆಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನ ವಾಶ್ ಬೇಸಿನ್ನಿನ ಮುಂದೆ ನಾಲ್ವರು ಸೇರಿದ್ದೆವು: ಪ್ರಿನ್ಸಿಪಾಲರು, ಹುಡುಗಿಯರ ಹಾಸ್ಟೆಲಿನ ವಾರ್ಡನ್ ಸರೋಜಮ್ಮ, ಪ್ಲಂಬರ್ ಇಬ್ರಾಹಿಂ ಸಾಹೇಬರು, ಮತ್ತು ನೀರುಳಿತಾಯ ಸಮಿತಿಯ ಸಂಚಾಲಕನೆಂಬ ನಾನು. ಐದನೆಯದಾಗಿ, ನಲ್ಲಿಯ ಕೊರಳಿಗೆ ಬಿಗಿದಿದ್ದ ಒಂದು ಮೊಳ ಬಾಳೆನಾರು.

ಕೊಡೆ ಒಣಗಲು ಪುರುಸೊತ್ತಿಲ್ಲದ ಊರಿನಲ್ಲಿ ನೀರುಳಿತಾಯವೇ ಎಂದು ನಗಬೇಡಿ. ಬೇಸಿಗೆಗೆ ಕಾಲೇಜಿನ ಬಾವಿ ಮೊಣಕಾಲುದ್ದಕ್ಕೆ ಇಳಿಯುತ್ತದೆ; ಅದು ಬತ್ತಿದರೆ ಹಾಸ್ಟೆಲ್ ಮುಚ್ಚಬೇಕು, ಕಳಸ, ಬಾಳೂರು ಕಡೆಯ ಹುಡುಗಿಯರು ಪರೀಕ್ಷೆಯ ಹೊತ್ತಿಗೇ ಗಂಟುಮೂಟೆ ಕಟ್ಟಿ ಬಸ್ಸು ಹತ್ತಬೇಕು. ಆದ್ದರಿಂದಲೇ, ಭೌತಶಾಸ್ತ್ರ ಬೋಧಿಸುತ್ತೇನೆಂಬ ಒಂದೇ ಅಪರಾಧಕ್ಕೆ ಸಂಚಾಲಕನಾದ ನಾನು, ಗುಂಡಿ ಒತ್ತಿದರೆ ತುಸು ಸುರಿದು ತಾನೇ ನಿಲ್ಲುವ ನಲ್ಲಿಗಳನ್ನೂ, ಟ್ಯಾಂಕಿನ ನೀರು ತಗ್ಗಿದೊಡನೆ ಮೋಟಾರನ್ನು ತಾನೇ ಎಬ್ಬಿಸುವ ಸ್ವಿಚ್ಚನ್ನೂ ಹಾಕಿಸಿ, ಮನುಷ್ಯ ಮರೆಯುತ್ತಾನೆ, ಯಂತ್ರ ಮರೆಯದು ಎಂದು ಭಾಷಣವನ್ನೂ ಬಿಗಿದಿದ್ದೆ.

ಈಗ ಟ್ಯಾಂಕೂ ಖಾಲಿ, ಬಾವಿಯೂ ಖಾಲಿ. ಯಾರೋ ಗುಂಡಿಯನ್ನು ಒತ್ತಿ ನಾರಿನಿಂದ ಕಟ್ಟಿದ್ದರು. ಹಿಂದಿನ ದಿನ ಮಧ್ಯಾಹ್ನದಿಂದ ನಲ್ಲಿ ಸುರಿಸಿದ್ದೇ ಸುರಿಸಿದ್ದು, ಮರೆಯದ ಮೋಟಾರು ಎತ್ತಿದ್ದೇ ಎತ್ತಿದ್ದು.

"ಹುಡುಗಿಯರ ಕಿತಾಪತಿ," ಎಂದೆ, ಪದವಿಗೆ ತಕ್ಕ ಗಾಂಭೀರ್ಯದಿಂದ.

"ನಮ್ ಹುಡುಗೀರು ಸ್ಟಾಫ್ ರೂಮಿಗೆ ಯಾಕ್ ಬರ್ತಾರೆ ಸಾರ್?" ಎಂದರು ಸರೋಜಮ್ಮ.

ಇಬ್ರಾಹಿಂ ಸಾಹೇಬರು ನಾರು ಬಿಚ್ಚಿ ಮೂಸಿದರು. "ಉಪ್ಪಿನಕಾಯಿ ವಾಸನೆ ಮಾರಾಯ್ರೆ! ಕೊಂಡಿ ಮುರಿದ ಬುತ್ತಿಡಬ್ಬಿಗೆ ಬಾಳೆನಾರು ಕಟ್ಕೊಂಡು ಬರೋರು ಈ ಕಾಲೇಜಲ್ಲಿ ಎಷ್ಟ್ ಜನ ಇದಾರೆ?"

ಒಬ್ಬನೇ ಇದ್ದ. ಪ್ರಿನ್ಸಿಪಾಲರು ನನ್ನನ್ನು ನೋಡದಿರಲು ಬಹಳ ಕಷ್ಟಪಟ್ಟರು.

ಕಳಸದ ಮೇಲಿನ ನಮ್ಮ ಮನೆಗೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ಬರುತ್ತಿತ್ತು. ಅದರ ತುದಿಗೆ ನಲ್ಲಿಯೇ ಇರಲಿಲ್ಲ. ಬಾಯಿ ಮುಚ್ಚಿದರೆ ಮೇಲೆಲ್ಲೋ ಒತ್ತಡಕ್ಕೆ ಪೈಪು ಬಿಟ್ಟುಕೊಳ್ಳುತ್ತಿತ್ತು. ಸದ್ದು ನಿಂತರೆ ಸಾಕು, "ಎಲೆ ಸಿಕ್ಕಿರ್ಬೇಕು, ಮೇಲೆ ಹೋಗಿ ನೋಡೋ," ಎಂದು ಅಜ್ಜಿ ಗುಡ್ಡ ಹತ್ತಿಸುತ್ತಿದ್ದರು. ಹಾಗೆ ಬೆಳೆದವನಿಗೆ ನಿಂತ ನೀರೇ ಅನಿಷ್ಟ, ಸುರಿಯುವ ನೀರೇ ಕ್ಷೇಮಸಮಾಚಾರ. ಹಿಂದಿನ ದಿನ ಊಟವಾದ ಮೇಲೆ ಡಬ್ಬಿ ತೊಳೆಯುವಾಗ ನಲ್ಲಿ ಪದೇ ಪದೇ ನಿಂತಿತು. ನನ್ನನ್ನು ಕೇಳದೆಯೇ ಕೈ ನಾರು ಕಟ್ಟಿತು. ಅಷ್ಟರಲ್ಲಿ ಗಂಟೆ ಬಾರಿಸಿತು, ಕ್ಲಾಸಿಗೆ ಓಡಿದೆ. ಮರಳಿ ಬಂದು, ಆ ಜುಳುಜುಳು ಸದ್ದಿನ ಪಕ್ಕದಲ್ಲೇ ಕೂತು, ಎಂದೂ ಇಲ್ಲದ ನೆಮ್ಮದಿಯಿಂದ ಸಂಜೆಯವರೆಗೆ ಉತ್ತರಪತ್ರಿಕೆ ತಿದ್ದಿದೆ. ಎಲ್ಲರಿಗೂ ಧಾರಾಳವಾಗಿ ಅಂಕ ಕೊಟ್ಟದ್ದೂ ನೆನಪಿದೆ. ಯಂತ್ರ ಮರೆಯದು ಎಂದಿದ್ದೆನಲ್ಲ. ನನ್ನ ಕಿವಿಯೂ ಏನನ್ನೂ ಮರೆತಿರಲಿಲ್ಲ.

ಬಾವಿಯಲ್ಲಿ ಮತ್ತೆ ನೀರು ಊರುವವರೆಗೆ ಎರಡು ದಿನ, ಇಬ್ರಾಹಿಂ ಸಾಹೇಬರ ಜೀಪಿನಲ್ಲಿ ಡ್ರಮ್ಮುಗಳನ್ನಿಟ್ಟುಕೊಂಡು ಹಳ್ಳದಿಂದ ಹಾಸ್ಟೆಲಿಗೆ ನೀರು ಹೊತ್ತೆ. ಹಾಸ್ಟೆಲ್ ಮುಚ್ಚಲಿಲ್ಲ.

ಪರೀಕ್ಷೆ ಮುಗಿದ ದಿನ ಇಬ್ರಾಹಿಂ ಸಾಹೇಬರು ಬಂದು ನನ್ನ ಡಬ್ಬಿ ಕೇಳಿ ಒಯ್ದರು. ಸಂಜೆಯೊಳಗೆ ಹೊಸ ಕೊಂಡಿ ಹಾಕಿ ತಂದುಕೊಟ್ಟರು.