ಅತ್ತಿಗೆ ಒತ್ತದ ಸೀಲು

ನನ್ನದು ಬ್ಯೂಟಿ ಪಾರ್ಲರು. ಲೈಸೆನ್ಸು ಗೋಡೆಗೆ ತೂಗುಹಾಕದಿದ್ದರೆ ಕತ್ತರಿ ಮುಟ್ಟುವ ಹಾಗಿಲ್ಲ. ಹುಬ್ಬು ತಿದ್ದುವವಳಿಗೇ ಇಷ್ಟು ಕಟ್ಟುನಿಟ್ಟು! ಆದರೆ ನಮ್ಮ ಅತ್ತಿಗೆಯ ಆಫೀಸಿನಲ್ಲಿ ಅಣು ವಿದ್ಯುತ್ ಸ್ಥಾವರದ ನಕ್ಷೆಗಳನ್ನು ಪಾಸು ಮಾಡುವ ಇಂಜಿನಿಯರುಗಳಲ್ಲಿ ಒಬ್ಬರಿಗೂ ಲೈಸೆನ್ಸ್ ಇರಲಿಲ್ಲ. ಕಂಪನಿಯ ಒಳಗಿನವರಿಗೆ ಬೇಕಿಲ್ಲವೆಂಬ ವಿನಾಯಿತಿಯಂತೆ. ಕೇಳಿದ ದಿನ ನನ್ನ ಕೈಯಿಂದ ಬಾಚಣಿಗೆ ಜಾರಿಬಿತ್ತು.

"ಹಾಗಾದ್ರೆ ಇಷ್ಟು ವರ್ಷ ನೀನು ಸಹಿ ಹಾಕಿದ್ದು?" ಎಂದೆ.

"ಎಲ್ರೂ ಹಾಕ್ತಿದ್ರು, ನಾನೂ ಹಾಕ್ದೆ," ಎಂದಳು. ಮುಖ ಚಿಕ್ಕದಾಗಿತ್ತು.

ಅತ್ತಿಗೆ ನನಗಿಂತ ದೊಡ್ಡವಳಾದರೂ ನಮ್ಮಿಬ್ಬರಲ್ಲಿ ಮೊದಲಿನಿಂದ ಏಕವಚನವೇ. ಮನೆಯಲ್ಲಿ ಅವಳ ಅಡ್ಡಹೆಸರು ಅಳತೆಪಟ್ಟಿ. ಕಪಾಟು ಕೊಳ್ಳುವ ಮೊದಲು ಬಾಗಿಲು, ಮೆಟ್ಟಿಲ ತಿರುವು, ಕೊನೆಗೆ ಹೊರುವವನ ಭುಜವನ್ನೂ ಅಳೆದ ಮಹಾತಾಯಿ! ಮದುವೆಗೆ ಮುಂಚೆ ಅಣ್ಣನೊಬ್ಬನನ್ನು ಅಳೆಯಲು ಮರೆತಳು ಎಂದು ರೇಗಿಸುತ್ತಿರುತ್ತೇನೆ. ಅಣ್ಣನ ಕಣ್ಣು ಮಂಜಾಗಿ ಅವನು ಕೆಲಸ ಬಿಟ್ಟ ಮೇಲೆ ಆ ಮನೆ ನಡೆಯುವುದು ಇವಳ ಸಂಬಳದಿಂದಲೇ.

ಈ ವರ್ಷ ಹೊಸ ನಿಯಮ ಬಂತು. ಲೈಸೆನ್ಸ್ ಇರುವವರ ಸೀಲಿಲ್ಲದೆ ಯಾವ ನಕ್ಷೆಯೂ ನಡೆಯುವುದಿಲ್ಲ. ಯಾರೂ ಲೈಸೆನ್ಸ್ ಪರೀಕ್ಷೆ ಪಾಸಾಗದಿದ್ದರೆ ವಿಭಾಗಕ್ಕೇ ಬೀಗ. ಕಿರಿಯರೂ ಸೇರಿ ಉಳಿದವರೆಲ್ಲ ಡುಮ್ಕಿ ಹೊಡೆದರು. ಐವತ್ತು ದಾಟಿದ ಅತ್ತಿಗೆ, ನನ್ನ ಪಾರ್ಲರಿನ ಕುರ್ಚಿಯಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಲೂ ಓದಿದಳು, ಪಾಸಾದಳು! ನಾನು ಕಿರುಚಿದ ರಭಸಕ್ಕೆ ಪಕ್ಕದಂಗಡಿಯ ದರ್ಜಿ ಟೇಪು ಕೊರಳಲ್ಲಿಟ್ಟುಕೊಂಡೇ ಓಡಿಬಂದ.

ಆಫೀಸಿನಲ್ಲಿ ಕೇಕು ತರಿಸಿದ್ದರು, ಮನೆಯವರನ್ನೂ ಕರೆದಿದ್ದರು. ಅಣ್ಣನ ಕೈ ಹಿಡಿದುಕೊಂಡು ನಾನೂ ಹೋದೆ. ದೊಡ್ಡ ಸಾಹೇಬರು ಹೊಸ ಸೀಲನ್ನು ಅವಳ ಕೈಗಿತ್ತಾಗ ಚಪ್ಪಾಳೆಯೋ ಚಪ್ಪಾಳೆ. ಹಿಂದೆಯೇ ಹಳೆಯ ನಕ್ಷೆಗಳ ದೊಡ್ಡ ಕಟ್ಟೊಂದು ಮೇಜಿನ ಮೇಲೆ ಬಂದು ಬಿತ್ತು.

"ಮೇಡಂ, ಇವೆಲ್ಲ ಮೊದ್ಲೇ ಪಾಸಾಗಿರೋವು. ನಾಳೆ ಪೈಪ್ ಕೂರಿಸೋ ಕೆಲಸ ಶುರು. ಒಂದೊಂದು ಸೀಲ್ ಒತ್ಬಿಡಿ, ಆಮೇಲೆ ಕೇಕ್ ತಿನ್ನೋಣ," ಎಂದರು ಸಾಹೇಬರು.

ಒತ್ತಿಬಿಡೇ ತಾಯಿ, ಕೆಲಸ ಉಳಿಯಲಿ ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು. ಅತ್ತಿಗೆ ಮೇಲಿನ ಹಾಳೆ ಬಿಡಿಸಿದಳು. ಸ್ಥಾವರವನ್ನು ತಣ್ಣಗಿಡುವ ನೀರಿನ ಪೈಪು, ಅದನ್ನು ಹೊತ್ತು ನಿಲ್ಲುವ ಉಕ್ಕಿನ ಆಸರೆಗಳು.

"ಇದರ ಲೆಕ್ಕ ಎಲ್ಲಿ ಸಾರ್?"

"ಈಗ್ಯಾಕೆ ಲೆಕ್ಕ? ಹಳೇ ಸ್ಥಾವರದ ನಕ್ಷೇನೇ ಎತ್ತಿದ್ದು. ಕೆಳಗೆ ಸಹಿ ನೋಡಿ, ನಿಮ್ಮದೇ!"

"ಅದಕ್ಕೇ ಕೇಳ್ತಿದೀನಿ. ಆಗ ನಾನು ಕೇಳಿರ್ಲಿಲ್ಲ. ಈ ಪೈಪು ಅದಕ್ಕಿಂತ ದಪ್ಪ, ಭಾರಾನೂ ಜಾಸ್ತಿ. ಆಸರೆ ಮಾತ್ರ ಅದೇ ಇದೆ."

ಸಾಹೇಬರ ಮುಖ ಕೆಂಪಾಯಿತು. "ನಿಮ್ಮ ಕೆಲಸದ ಬಗ್ಗೆ ಸ್ವಲ್ಪ ಯೋಚ್ನೆ ಮಾಡಿ ಮೇಡಂ. ನೀವು ಒತ್ತಲ್ಲ ಅಂದ್ರೆ ಬೇರೆಯವರ ಕೈಲಿ ಒತ್ತಿಸ್ತೀನಿ."

"ಬೇರೆ ಯಾರಿಗಿದೆ ಸಾರ್ ಲೈಸೆನ್ಸು?"

ಯಾರೋ ಕಿಸಕ್ಕನೆ ನಕ್ಕರು. ಅತ್ತಿಗೆ ನಗಲಿಲ್ಲ. ಕೆಂಪು ಪೆನ್ನು ತೆಗೆದು ತನ್ನದೇ ಸಹಿಯ ಮೇಲೆ ಉದ್ದಕ್ಕೆ ಗೀಟೆಳೆದಳು.

"ಏನಾಯ್ತೇ?" ಎಂದು ಅಣ್ಣ ನನ್ನ ಕಿವಿಯಲ್ಲಿ ಕೇಳಿದ.

"ನಿನ್ನ ಹೆಂಡ್ತಿ ತನ್ನ ಸಹೀನ ತಾನೇ ಹೊಡೆದುಹಾಕಿದ್ಲು ಕಣೋ!" ಎಂದೆ. ಹೆದರಿಕೆ, ಹೆಮ್ಮೆ ಎರಡೂ ಒಟ್ಟಿಗೇ ಉಕ್ಕಿದವು.

ಅಷ್ಟರಲ್ಲಿ ಒಬ್ಬ ಕಿರಿಯ ಇಂಜಿನಿಯರ್ ಹುಡುಗಿ ತನ್ನ ಮೇಜಿನಿಂದ ಒಂದು ನಕ್ಷೆ ತಂದು ನಿಂತಳು. "ಮೇಡಂ, ನಂದೂ ಒಂದ್ಸಲ ನೋಡ್ತೀರಾ? ನಂಗೂ ಸಹಿ ಹಾಕೋವಾಗ್ಲೇ ಅನುಮಾನ ಇತ್ತು." ಅವಳ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ. ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಇಡೀ ಕೋಣೆ ಗುಂಯ್‌ಗುಟ್ಟಿತು. ಕೇಕು ಯಾರಿಗೂ ನೆನಪಾಗಲಿಲ್ಲ.

ಅತ್ತಿಗೆ ಗೀಟೆಳೆದ ಹಾಳೆಯಲ್ಲಿ ಸಾಹೇಬರು ಪೈಪಿನ ಅಳತೆಯ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಫೋನು ಎತ್ತಿಕೊಂಡರು. ಮುಗಿಯಿತು, ಕೆಲಸ ಹೋಯಿತು ಎಂದುಕೊಂಡೆ.

"ನಾಳೆ ಪೈಪ್ ಕೂರಿಸ್ಬೇಡಿ, ಕೆಲಸ ನಿಲ್ಲಿಸಿ," ಎಂದರು.

ಯಾರು ನಿಲ್ಲಿಸಿದ್ದು ಎಂದು ಆ ಕಡೆಯವರು ಕೇಳಿರಬೇಕು. ಸಾಹೇಬರು ಅತ್ತಿಗೆಯ ಕಡೆಗೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು.

"ನಮ್ಮ ಇಂಜಿನಿಯರ್ರು," ಎಂದರು.