ಬಾಗಿಲ ಬಳಿಯ ಬಿಸಿ ನೆಲ

ಮೇಸ್ತ್ರಿ ಯೋ ದೊಕ್ಸು ಹಾಸಿದ ಬಿಸಿ ನೆಲದ ಮೇಲೆ ನಾನು ಒಂದು ಕೋಳಿಮೊಟ್ಟೆ ಇಟ್ಟು ಮಲಗಿದ್ದೆ. ಬೆಳಗ್ಗೆ ಕಣ್ಣು ಬಿಟ್ಟರೆ ಮರಿಯೊಂದು ನನ್ನ ದಿಂಬಿನ ಮೇಲೆ ಕೂತು, ಇನ್ನೂ ಏಳಲಿಲ್ಲವೇ ಎನ್ನುವ ಹಾಗೆ ನನ್ನನ್ನೇ ನೋಡುತ್ತಿತ್ತು. ನಂಬದವರು ಗಾಂಗ್ವನ್ ಬೆಟ್ಟದ ಸೊಲ್ಮೊರೆ ಹಳ್ಳಿಗೆ ಬಂದು ಆ ಕೋಳಿಯನ್ನೇ ವಿಚಾರಿಸಬಹುದು. ಈಗ ಅದು ಊರಿನ ಹುಂಜಗಳಿಗೆಲ್ಲ ಯಜಮಾನ.

ಆ ನೆಲಕ್ಕೆ ಮೊದಲ ಬೆಂಕಿ ಬೀಳುವ ಬೆಳಗಿನಿಂದಲೇ ಶುರು ಮಾಡುತ್ತೇನೆ. ಇನ್ನೂ ಬೆಳಕು ಹರಿದಿಲ್ಲ. ಅಂಗಳದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಬುನ್ನ್ಯೊ ಅಜ್ಜಿಯ ಮನೆಯ ಅಡುಗೆಕೋಣೆಯಲ್ಲಿ ಮನುಷ್ಯನ ಎರಡು ಕಾಲು ಮಾತ್ರ ಕಾಣುತ್ತಿವೆ. ಉಳಿದ ದೊಕ್ಸು ಒಲೆಯ ಬಾಯೊಳಗಿದ್ದಾರೆ. ಒಲೆ ಇರುವುದು ಇಲ್ಲಿ, ಅದು ಬೆಚ್ಚಗಿಡಬೇಕಾದದ್ದು ಗೋಡೆಯಾಚೆಯ ಕೋಣೆಯನ್ನು. ಉರಿಯೂ ಹೊಗೆಯೂ ಕೋಣೆಯ ನೆಲದಡಿಯ ಕಲ್ಲಿನ ಓಣಿಗಳಲ್ಲಿ ಸುತ್ತಾಡಿ ಚಿಮಣಿಯಿಂದ ಹೊರಬೀಳಬೇಕು. ಆ ಓಣಿಗಳನ್ನು ಕಟ್ಟಿ, ಮೇಲೆ ಚಪ್ಪಡಿ ಹಾಸಿ, ಮಣ್ಣು ಮೆತ್ತುವುದು ದೊಕ್ಸು ಅವರ ಕಸುಬು.

ಅವರ ಕೈ ದಾಟಿದ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರನಿಗೆ ಏಣಿಯಾಗುತ್ತಿತ್ತು. ಇದನ್ನು ಅವರಿಗೇ ಹೇಳುತ್ತೇನೆ.

"ದಿನಕ್ಕೆ ಹತ್ತು ಹನ್ನೆರಡು ಕಲ್ಲು ಕೂರಿಸಿದ್ರೆ ಅದೇ ಹೆಚ್ಚು ಕಣಯ್ಯಾ," ಎಂದು ಒಲೆಯೊಳಗಿನಿಂದ ಉತ್ತರ ಬರುತ್ತದೆ. "ಏಣಿ ಬೇಕಾದ್ರೆ ನೀನೇ ಕಟ್ಕೋ. ನನ್ನ ಸೊಂಟ ಒಪ್ಪಲ್ಲ."

ದೊಕ್ಸು ಅವರ ಅಪ್ಪ ಇದ್ದಿಲು ಸುಡುವವರು. ಬೆಂಕಿಯ ಗುಣ ಅವರಿಂದ ಬಂತು. ಕಲ್ಲಿನ ಕೆಲಸ ಕಲಿಸಿದ್ದು ಹೆಣ್ಣು ಕೊಟ್ಟ ಮಾವ. ಊರೂರಲ್ಲಿ ನೆಲದಡಿ ಬಿಸಿನೀರಿನ ಕೊಳವೆ ಬಂದಾಗ ದೊಕ್ಸುವನ್ನು ಕರೆಯುವವರು ಇಲ್ಲವಾದರು. ಕೆಲವು ವರ್ಷ ರಸ್ತೆಗೆ ಡಾಂಬರು ಹಾಕಿದರು. "ಅದೂ ಬಿಸಿ ಕೆಲಸಾನೇ," ಎನ್ನುತ್ತಾರೆ, "ಆದ್ರೆ ಅದ್ರ ಮೇಲೆ ಯಾರೂ ಮಲಗಲ್ಲ." ಈಗ ಮತ್ತೆ ಮಣ್ಣಿನ ಮನೆ ಬೇಕೆನ್ನುವವರು ಅಲ್ಲೊಬ್ಬರು ಇಲ್ಲೊಬ್ಬರು ಹುಡುಕಿಕೊಂಡು ಬರುತ್ತಾರೆ. ಬಂದವರನ್ನು ದೊಕ್ಸು ಮೊದಲು ಖಾಲಿ ಜಾಗದಲ್ಲಿ ಕೂರಿಸಿ, ಕಣ್ಣು ಮುಚ್ಚಿಸುತ್ತಾರೆ.

"ಮನೆ ಕಣ್ಣಿಗೆ ಆಮೇಲೆ. ಮೊದ್ಲು ಪಾದಕ್ಕೆ, ಮೂಗಿಗೆ, ಕಿವಿಗೆ."

ಅದಕ್ಕೇ ಅವರು ಸೂರಿನ ಕೆಳಗೆ ಹೊಳೆಯ ಉರುಟುಕಲ್ಲು ಸುರಿಯುತ್ತಾರೆ. ಹನಿ ಬಿದ್ದರೆ ಒಳಗಿದ್ದವರಿಗೆ ಮಳೆಯ ಜೋರು ತಿಳಿಯಬೇಕು. ಕಿಟಕಿಯನ್ನು ನೆಲದ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ ಇಳಿಸುತ್ತಾರೆ. ನೆಲಕ್ಕೆ ಅಂಟಿಸಿದ ದಪ್ಪ ಕಾಗದಕ್ಕೆ ಅರೆದ ಸೋಯಾ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಉಜ್ಜುತ್ತಾರೆ, ಅದು ಜೇನಿನ ಬಣ್ಣಕ್ಕೆ ತಿರುಗಿ ಹುರಿಗಾಳಿನ ಪರಿಮಳ ಸೂಸುವವರೆಗೆ. ಆ ಪರಿಮಳಕ್ಕೆ ಮೂರು ಊರಾಚೆಯ ಕರಡಿಗಳು ಬಂದು ಬಾಗಿಲು ತಟ್ಟುತ್ತವೆ ಎಂದು ನನ್ನ ಪೇಪರಿಗೆ ಬರೆದುಕೊಂಡಿದ್ದೆ. ದೊಕ್ಸು ಹೊಡೆದುಹಾಕಿಸಿದರು.

ಇವತ್ತು ಅವರು ಹೊತ್ತಿಸಲಿರುವುದು ತಮ್ಮದೇ ತಪ್ಪಿನ ಮೇಲೆ ಕಟ್ಟಿದ ನೆಲ.

ಒಲೆಗೆ ಹತ್ತಿರದ ಜಾಗ ಎಲ್ಲಕ್ಕಿಂತ ಬೆಚ್ಚಗೆ. ಅಲ್ಲಿ ಹಿರಿಯರು ಕೂರಬೇಕು. ಹಾಗಾಗಿ ಹಿಂದೊಮ್ಮೆ ಈ ಮನೆಗೆ ನೆಲ ಹಾಸಿದಾಗ ದೊಕ್ಸು ಕಲಿತ ವಿದ್ಯೆಯನ್ನೆಲ್ಲ ಆ ಜಾಗಕ್ಕೇ ಸುರಿದರು. ಬುನ್ನ್ಯೊ ಅಜ್ಜಿ ಒಂದು ದಿನವೂ ಅಲ್ಲಿ ಕೂರಲಿಲ್ಲ. ಸೊಸೆಯಾಗಿ ಬಂದಾಗ ಅದು ಮಾವನ ಜಾಗ, ಆಮೇಲೆ ಗಂಡನದು, ಆಮೇಲೆ ಮಕ್ಕಳದು. ಎಲ್ಲರೂ ಉಂಡೆದ್ದ ಮೇಲೆ ಅದು ತಡವಾಗಿ ಬರುವವರ ಅನ್ನದ ಬಟ್ಟಲಿನದು. ಕಂಬಳಿ ಹೊದೆಸಿ ಅಲ್ಲಿಡಬೇಕು. ಅಜ್ಜಿಯದು ಗಾಳಿ ನುಗ್ಗುವ ಬಾಗಿಲ ಬದಿ. ಯಾರಾದರೂ ಬಂದರೆ ಹೆಜ್ಜೆ ಸದ್ದಿಗೇ ಏಳಬೇಕಲ್ಲ. ಹೋದ ಚಳಿಗಾಲ ಕೆಮ್ಮು ಎದೆಗಿಳಿದು ಅಜ್ಜಿ ಆಸ್ಪತ್ರೆ ಸೇರಿದರು. ಇನ್ನೊಂದು ಚಳಿ ಹೀಗೇ ಹೊಡೆದರೆ ತಡೆಯಲಾರರು ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ.

"ಕೈಮುಗಿದೆ, ಗದರಿದೆ, ಅತ್ತೂ ಬಿಟ್ಟೆ," ಎನ್ನುತ್ತಾರೆ ಸೊಸೆ ಮಿರ್ಯಂಗ್. "ಅತ್ತೆ ಜರುಗಲ್ಲ."

ಸುದ್ದಿ ಕೇಳಿದ ದೊಕ್ಸು ಕರೆಯದೆಯೇ ಬಂದು ತಮ್ಮ ನೆಲವನ್ನು ತಾವೇ ಕಿತ್ತರು. "ಮರ್ಯಾದೆ ಎಲ್ಲಿ ಕೂರುತ್ತೆ ಅಂತ ನೋಡ್ದೆ. ಅಜ್ಜಿ ಎಲ್ಲಿ ಕೂರ್ತಾರೆ ಅಂತ ನೋಡ್ಲಿಲ್ಲ." ಈ ಸಲ ಆಳವಾದ ಕಾಲುವೆಯೊಂದು ಉರಿಯನ್ನು ನೇರ ಬಾಗಿಲ ಬದಿಗೆ ಒಯ್ದು, ಅಲ್ಲಿಂದ ಹಿಂದಕ್ಕೆ ತಿರುಗಿಸುತ್ತದೆ. ದಾರಿ ಉದ್ದ. ಹೊಗೆ ನಡುವೆ ಸೋತು ನಿಂತರೆ ಕೋಣೆ ತುಂಬ ಹೊಗೆ; ಮತ್ತೆ ಕಿತ್ತು ಕಟ್ಟಲು ಹೊತ್ತಿಲ್ಲ, ವಾರದೊಳಗೆ ಹಿಮ ಬೀಳುತ್ತದೆ.

ಪೈನ್ ಸೌದೆ ಹೊತ್ತಿಕೊಳ್ಳುತ್ತದೆ. ಹೊಗೆ ಒಳಗೆ ಹೋದ ಹಾಗೆ ಮಾಡಿ, ಯೋಚಿಸಿ, ನಮ್ಮ ಮುಖಕ್ಕೇ ವಾಪಸು ಬರುತ್ತದೆ. ದೊಕ್ಸು ಕೆಮ್ಮುತ್ತ ಬೀಸಣಿಗೆ ಬೀಸುತ್ತಾರೆ. ಮಿರ್ಯಂಗ್ ಅಂಗಳದಲ್ಲಿ ಚಿಮಣಿಯನ್ನೇ ನೋಡುತ್ತ ನಿಂತಿದ್ದಾರೆ. ಇಲ್ಲ. ಇಲ್ಲ. ಆಮೇಲೆ ಅವರ ಕೂಗು: "ಬಂತು ಮೇಸ್ತ್ರಿ, ಬಂತು!"

ಕೋಣೆಯಲ್ಲಿ ಅಜ್ಜಿ ಎಂದಿನ ಜಾಗದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ನಾವು ಮೂವರೂ ಬೇರೆಲ್ಲೋ ನೋಡುವ ನಟನೆ ಮಾಡುತ್ತೇವೆ. ತುಂಬ ಹೊತ್ತಿನ ಮೇಲೆ ಅಜ್ಜಿಯ ಕೈ ನಿಲ್ಲುತ್ತದೆ. ಅಂಗೈ ನೆಲ ಸವರುತ್ತದೆ.

"ಅಯ್ಯೋ, ಇದೇನು ಇಲ್ಲಿ ಬಿಸಿ!" ಎಂದವರೇ ಬೆಳ್ಳುಳ್ಳಿ ಬುಟ್ಟಿ ಎತ್ತಿಕೊಂಡು ಎದ್ದುಬಿಡುತ್ತಾರೆ. "ಬಾ ಮೇಸ್ತ್ರಿ, ನೀನು ಇಲ್ಲಿ ಕೂತ್ಕೋ. ಬೆಳಗ್ಗೆಯಿಂದ ಚಳೀಲಿದೀಯ. ನಾನು ಆ ಮೂಲೇಲಿರ್ತೀನಿ."

ಮಿರ್ಯಂಗ್ ತಲೆಗೆ ಕೈ ಇಡುತ್ತಾರೆ. ದೊಕ್ಸು ಮಾತ್ರ ಮುಖ ಗಂಟಿಕ್ಕುತ್ತಾರೆ.

"ಅಜ್ಜಿ, ಎಲ್ಲಿಗೆ ಎದ್ರಿ? ಹೊಸ ಮಣ್ಣು. ಮೇಲೆ ಯಾರಾದ್ರೂ ಕೂತು ಒತ್ತದಿದ್ರೆ ಬಿರುಕು ಬಿಡುತ್ತೆ. ನನ್ನ ಕೈಯಾಳು ಬಿಟ್ಟೋದ. ಈ ಚಳಿಗಾಲ ಪೂರ್ತಿ ನೀವೇ ಕೂತು ಕೊಡ್ಬೇಕು."

"ಕೆಲಸಾನಾ?"

"ಕೆಲಸಾನೇ."

"ಮೊದ್ಲೇ ಹೇಳೋದಲ್ವಾ!" ಅಜ್ಜಿ ಇಲ್ಲದ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಂತೆ ನೆಟ್ಟಗಾಗಿ, ಬಿಸಿ ನೆಲದ ನಟ್ಟನಡುವೆ ಕೂರುತ್ತಾರೆ.

ಜೀವಮಾನವಿಡೀ ಸುಳ್ಳು ಹೇಳಿಕೊಂಡೇ ಬದುಕಿದ ನಾನು ಇಂಥದ್ದೊಂದು ಸುಳ್ಳು ಹೇಳಿಲ್ಲ. ಹೊಗಳಿದರೆ ದೊಕ್ಸು ಕಿವಿ ತುರಿಸಿಕೊಳ್ಳುತ್ತಾರೆ. "ನೆಲ ಚೆನ್ನಾಗಿದೆ ಅಂತ ಯಾರೂ ಹೇಳೋದು ಬೇಡ. ಕೂತೋರಿಗೆ ಏಳೋಕೆ ಬೇಜಾರಾದ್ರೆ ಸಾಕು."

ಮಾರನೆಯ ದಿನ, ಬರೆದದ್ದರ ಮೊದಲ ಸಾಲುಗಳನ್ನು ಆ ಕೋಣೆಯಲ್ಲೇ ಗಟ್ಟಿಯಾಗಿ ಓದುತ್ತೇನೆ. ಅಜ್ಜಿ ತಮ್ಮ ಬಿಸಿ ಜಾಗದಿಂದಲೇ ಕೇಳುತ್ತಾರೆ, "ಮರೀನಾ? ಎಲ್ಲಪ್ಪಾ ಮರಿ?"

"ಅದು… ಹೊರಗೆ ಎಲ್ಲೋ…"

"ನಮ್ಮನೇಲಿ ಕೋಳೀನೇ ಇಲ್ವಲ್ಲೋ!" ದೊಕ್ಸು ಬಾಯಿಗೆ ಟೋಪಿ ಅಡ್ಡ ಹಿಡಿಯುತ್ತಾರೆ. ಅಜ್ಜಿ ಬಿಡುವುದಿಲ್ಲ. "ಮಣ್ಣು ಒತ್ತೋಕೆ ಮುದುಕಿ ಬೇಕು ಅಂದ್ನಲ್ಲ ಮೇಸ್ತ್ರಿ, ಅದು ಸುಳ್ಳು ಅಂತ ನಂಗೊತ್ತಿಲ್ವಾ? ಅವನ ಸುಳ್ಳಿನ ಮೇಲೆ ಕೂತ್ರೆ ಬೆಚ್ಚಗಿರುತ್ತೆ. ನಿಂದು ಯಾತಕ್ಕೆ ಬರುತ್ತೆ, ಪೇಪರಿನವನೇ?"

ಹಾಗಾಗಿ ನಿಜ ಹೇಳಿಬಿಡುತ್ತೇನೆ. ಬೆಂಕಿ ಹೊತ್ತಿಸಿದ ದಿನ ಸಂಜೆ ಪೇಟೆಯಿಂದ ಬರುವಾಗ ನನ್ನ ಬಸ್ಸು ತಪ್ಪಿತು; ಮನೆಯವರೆಲ್ಲ ಉಂಡ ಮೇಲೆ ಬಂದೆ. ಅಜ್ಜಿ ತಮ್ಮ ಮಗ್ಗುಲಲ್ಲಿ ಕಂಬಳಿಯಡಿ ಒಂದು ಬಟ್ಟಲು ಅನ್ನ ಇಟ್ಟುಕೊಂಡು ಕೂತಿದ್ದರು. ಅದರ ಪಕ್ಕದಲ್ಲಿತ್ತು ಮೊಟ್ಟೆ, ಬೇಯಿಸಿದ್ದು. ಮರಿ ಗಿರಿ ಏನೂ ಬರಲಿಲ್ಲ. ಉಪ್ಪು ಹಚ್ಚಿಕೊಂಡು ತಿಂದೆ. ಇನ್ನೂ ಬೆಚ್ಚಗಿತ್ತು.